40 ಮೀಟರ್ ಬ್ಯಾಂಡಿಗೆ ವಾಲ್ವ್ ಲೀನಿಯರ್: ಸಾಮಾನುಗಳನ್ನು ಹುಬ್ಬಳ್ಳಿ-ಧಾರವಾಡದಲ್ಲಿಯೇ ಹೊಂದಿಸಬಹುದೇ?

ಸಪ್ತಾಪುರದ ಶ್ರೋತೃ, ಧಾರವಾಡ:

ಹಿರಿಯರಿಗೂ ಹವ್ಯಾಸಿ ಮಿತ್ರರಿಗೂ ನಮಸ್ಕಾರ. ನಾನು ಜನರಲ್ ದರ್ಜೆಯ ಪರವಾನಗಿ ಹೊಂದಿರುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರ. ಸದ್ಯಕ್ಕೆ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸಿನ ಕಿರುತರಂಗದಲ್ಲಿ) ಮಾತ್ರ ಮಾತನಾಡುತ್ತೇನೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ವಿನ್ಯಾಸವನ್ನು ಅನುಸರಿಸಿ ಮನೆಯಲ್ಲಿಯೇ ಜೋಡಿಸಿದ ಟ್ರಾನ್ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೋ) ನನ್ನಲ್ಲಿದ್ದು, ಅದರಿಂದ ಡಮ್ಮಿ ಲೋಡಿಗೆ (ಪರೀಕ್ಷೆಗಾಗಿ ಆಂಟೆನಾದ ಬದಲು ಹಾಕುವ ರೆಸಿಸ್ಟರಿಗೆ) ಸುಮಾರು 7 ವ್ಯಾಟ್ ದೊರೆಯುತ್ತದೆ. ಹಗಲಿನಲ್ಲಿ ಬೆಂಗಳೂರು, ಪುಣೆ, ಹೈದರಾಬಾದುಗಳವರೊಡನೆ ಮಾತುಕತೆ ಸಲೀಸಾಗಿಯೇ ನಡೆಯುತ್ತದೆ. ಆದರೆ ಸಂಜೆಯಾಗಿ ಬ್ಯಾಂಡು ತುಂಬಿಕೊಂಡ ಮೇಲೆ, ಮಳೆಗಾಲದ ಸಿಡಿಲಿನ ಗದ್ದಲವೂ ಸೇರಿದರೆ, ನನ್ನ ದನಿ ಯಾರಿಗೂ ಮುಟ್ಟುವುದಿಲ್ಲ.

ಆದ್ದರಿಂದ 100 ವ್ಯಾಟಿನ ಆಸುಪಾಸಿನ ಒಂದು ಲೀನಿಯರ್ ಆಂಪ್ಲಿಫೈಯರನ್ನು (ದನಿ ಕೆಡದಂತೆ ಸಿಗ್ನಲ್ಲಿನ ಶಕ್ತಿ ಹೆಚ್ಚಿಸುವ ಸಾಧನವನ್ನು) ವಾಲ್ವ್, ಅಂದರೆ ಗಾಜಿನ ನಿರ್ವಾತ ಕೊಳವೆ, ಬಳಸಿ ಕಟ್ಟಬೇಕೆಂದು ಸಾಮಾನು ಕೂಡಿಹಾಕಲು ಹೊರಟಿದ್ದೇನೆ. ಪರಿಚಿತರೊಬ್ಬರು ಎರಡು 811ಎ ವಾಲ್ವ್‌ಗಳನ್ನು ಕೊಡಲು ಸಿದ್ಧರಿದ್ದಾರೆ. ಇನ್ನೊಂದೆಡೆ, ಮುಚ್ಚಿಹೋದ ಟಾಕೀಸೊಂದರ ಧ್ವನಿ ಆಂಪ್ಲಿಫೈಯರಿನಿಂದ ತೆಗೆದ ಎರಡು 807 ವಾಲ್ವ್‌ಗಳು ಹುಬ್ಬಳ್ಳಿಯ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಕಪಾಟಿನಲ್ಲಿ ಕುಳಿತಿವೆ. ಇವುಗಳಲ್ಲಿ ಯಾವುದನ್ನು ಹಿಡಿಯಲಿ? ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್, ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಹೊಂದಿಸುವ ಕಂಡೆನ್ಸರ್), ಆರ್‌ಎಫ್ (ರೇಡಿಯೋ ಆವರ್ತನದ) ಚೋಕ್, ಸಾಕೆಟ್ ಮೊದಲಾದವುಗಳಲ್ಲಿ ನಮ್ಮ ಅವಳಿ ನಗರದಲ್ಲಿ ಸಿಗುವಂಥವು ಯಾವುವು, ಬೆಂಗಳೂರಿನ ಎಸ್.ಪಿ. ರಸ್ತೆಗೋ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೋ ಹೋಗಿಯೇ ತರಬೇಕಾದವು ಯಾವುವು ಎಂಬುದನ್ನು ಕಟ್ಟಿ ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಗೋಕುಲ ರಸ್ತೆಯವರು, ಹುಬ್ಬಳ್ಳಿ:

ತಾವು ವಾಲ್ವ್‌ನಿಂದ ಲೆಕ್ಕ ಆರಂಭಿಸಿದ್ದೀರಿ. ಡ್ರೈವ್‌ನಿಂದ, ಅಂದರೆ ಆಂಪ್ಲಿಫೈಯರಿನ ಒಳಗೆ ಕೊಡುವ ಸಿಗ್ನಲ್ಲಿನಿಂದ, ಆರಂಭಿಸಿದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ತಮ್ಮ ಬಳಿ ಇರುವುದು 7 ವ್ಯಾಟ್. 811ಎ ನೇರವಾಗಿ ಕಾಯುವ ಫಿಲಮೆಂಟಿನ ಟ್ರಯೋಡ್, ಅಂದರೆ ಫಿಲಮೆಂಟಿನಿಂದ ಪ್ಲೇಟಿಗೆ ಹೋಗುವ ಎಲೆಕ್ಟ್ರಾನುಗಳನ್ನು ನಡುವಿನ ಗ್ರಿಡ್ಡು ನಿಯಂತ್ರಿಸುವ ವಾಲ್ವ್. ಅದನ್ನು ಸಾಮಾನ್ಯವಾಗಿ ಗ್ರಿಡ್ಡನ್ನು ಭೂಮಿಗೆ ಜೋಡಿಸಿ ಫಿಲಮೆಂಟಿನ ಕಡೆಯಿಂದ ಡ್ರೈವ್ ಮಾಡುತ್ತಾರೆ. ಈ ರೀತಿಯಲ್ಲಿ ಎರಡು ವಾಲ್ವ್‌ಗಳನ್ನು ಪೂರ್ತಿ ದುಡಿಸಲು ಹತ್ತಾರು ವ್ಯಾಟ್ ಡ್ರೈವ್ ಬೇಕು; 7 ವ್ಯಾಟ್ ಕೊಟ್ಟರೆ ಅವು ಬೆಳಕು ಬೀರುತ್ತವೆಯೇ ಹೊರತು ದುಡಿಯುವುದಿಲ್ಲ. ಮೇಲಾಗಿ ಎರಡಕ್ಕೂ ಸೇರಿ 6.3 ವೋಲ್ಟಿನಲ್ಲಿ 8 ಆಂಪಿಯರ್ ಫಿಲಮೆಂಟ್ ಕರೆಂಟು, ಅದಕ್ಕೆ ದಪ್ಪ ತಂತಿಯ ಜೋಡಿ ಸುತ್ತಿನ ಫಿಲಮೆಂಟ್ ಚೋಕು, 1,250 ವೋಲ್ಟಿನಷ್ಟು ಪ್ಲೇಟ್ ಸಪ್ಲೈ, ಇವನ್ನೆಲ್ಲ ಹೊಂದಿಸಬೇಕಾಗುತ್ತದೆ. ಪರಿಚಿತರು ಪ್ರೀತಿಯಿಂದ ಕೊಡುತ್ತಿದ್ದರೆ ಇಸಿದುಕೊಂಡು ಬಟ್ಟೆಯಲ್ಲಿ ಸುತ್ತಿ ಇಡಿರಿ. ಮುಂದೆ 50 ವ್ಯಾಟಿನ ಟ್ರಾನ್ಸೀವರ್ ಬಂದಾಗ ಕೆಲಸಕ್ಕೆ ಬರುತ್ತವೆ.

807ರ ಮಾತೇ ಬೇರೆ. ಅದು ಬೀಮ್ ಟೆಟ್ರೋಡ್ (ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್ಡೂ ಇರುವ ವಾಲ್ವ್), ಹೀಟರ್ 6.3 ವೋಲ್ಟು, 0.9 ಆಂಪಿಯರ್. ಕಂಟ್ರೋಲ್ ಗ್ರಿಡ್ಡಿಗೆ ಡ್ರೈವ್ ಕೊಟ್ಟರೆ, ಗ್ರಿಡ್ ಕರೆಂಟು ಹರಿಯದ ಎಬಿ1 ವರ್ಗದಲ್ಲಿ ಅದಕ್ಕೆ ಬೇಕಾದದ್ದು ಶಕ್ತಿಯಲ್ಲ, ವೋಲ್ಟೇಜು ಮಾತ್ರ. ಪ್ಲೇಟಿಗೆ 750, ಸ್ಕ್ರೀನಿಗೆ 300, ಗ್ರಿಡ್ಡಿಗೆ ಮೈನಸ್ 34ರ ಸುಮಾರು ಕೊಟ್ಟಾಗ, ಬಯಾಸ್‌ನಷ್ಟೇ (ಗ್ರಿಡ್ಡಿನ ಆ ಮೈನಸ್ ವೋಲ್ಟೇಜಿನಷ್ಟೇ) ಎತ್ತರದ, ಅಂದರೆ 34 ವೋಲ್ಟ್ ಪೀಕ್ ಆರ್‌ಎಫ್ ಸಿಕ್ಕರೆ ಸಾಕು. 50 ಓಮ್ ರೆಸಿಸ್ಟರಿನ ಮೇಲೆ 7 ವ್ಯಾಟ್ ಬಿಟ್ಟರೆ ಸಿಗುವ ಪೀಕ್ ಸುಮಾರು 26 ವೋಲ್ಟು. ಇದು ಸ್ವಲ್ಪ ಕಡಿಮೆ. ಆದ್ದರಿಂದ ಫೆರೈಟ್ ಟೊರಾಯ್ಡಿನ ಮೇಲೆ ಒಂದಕ್ಕೆ ಎರಡು ಸುತ್ತಿನ ಪ್ರಮಾಣದ ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತಿ, 200 ಓಮ್ ರೆಸಿಸ್ಟರನ್ನು ಗ್ರಿಡ್ಡಿನ ಕಡೆ ಇಡಿರಿ. ಆಗ 3 ವ್ಯಾಟಿಗೇ 34 ವೋಲ್ಟ್ ಬರುತ್ತದೆ. ತಮ್ಮ ಟ್ರಾನ್ಸೀವರನ್ನು ಅರ್ಧಕ್ಕೆ ಇಳಿಸಿ ನಡೆಸಬಹುದು, ದನಿಯೂ ಶುದ್ಧವಾಗಿರುತ್ತದೆ. ಆ 200 ಓಮ್‌ಗೆ 1 ಕಿಲೋಓಮ್, 2 ವ್ಯಾಟಿನ ಐದು ರೆಸಿಸ್ಟರುಗಳನ್ನು ಸಮಾಂತರವಾಗಿ ಜೋಡಿಸಿದರೆ ಸಾಕು. ವೈರ್‌ವೌಂಡ್ ರೆಸಿಸ್ಟರ್ ಮಾತ್ರ ಬೇಡ. ಅದು ಆರ್‌ಎಫ್‌ಗೆ ಕಾಯಿಲ್ ಆಗಿಬಿಡುತ್ತದೆ.

ಗ್ರಿಡ್ ಕರೆಂಟು ಇಲ್ಲದೆ ಎರಡು 807ಗಳಿಂದ 70 ವ್ಯಾಟು ನಿರೀಕ್ಷಿಸಬಹುದು. ಗ್ರಿಡ್ಡಿನಲ್ಲಿ ಕಡಿಮೆ ಓಮಿನ ರೆಸಿಸ್ಟರ್ ಇರುವುದರಿಂದ ಪೀಕ್‌ಗಳಲ್ಲಿ ಒಂದಿಷ್ಟು ಗ್ರಿಡ್ ಕರೆಂಟಿಗೆ ಅವಕಾಶ ಕೊಟ್ಟರೆ 85-90ರವರೆಗೂ ಏರುತ್ತದೆ. 7ರಿಂದ 90ಕ್ಕೆ ಏರಿದರೆ 11 ಡೆಸಿಬಲ್, ಅಂದರೆ ಎದುರಿನವರ ಎಸ್ ಮೀಟರಿನಲ್ಲಿ (ಸಿಗ್ನಲ್ ಬಲ ತೋರಿಸುವ ಮೀಟರಿನಲ್ಲಿ) ಹತ್ತಿರಹತ್ತಿರ ಎರಡು ಮನೆ. ಸಂಜೆಯ ಗದ್ದಲದಲ್ಲಿ ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ಇರುವ ಅಂತರ ಹೆಚ್ಚಾಗಿ ಇಷ್ಟೇ. 100 ಎಂಬ ಅಂಕಿಗಾಗಿ ವಾಲ್ವ್‌ಗಳ ಜೀವ ಹಿಂಡುವುದರಲ್ಲಿ ಅರ್ಥವಿಲ್ಲ.

ಇನ್ನು ಮೆಕ್ಯಾನಿಕರ ಕಪಾಟಿನ ವಾಲ್ವ್‌ಗಳನ್ನು ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿರಿ. ಗಾಜಿನ ಒಳಗೋಡೆಗೆ ಹತ್ತಿದ ಗೆಟರ್ (ಉಳಿದ ಅನಿಲ ಹೀರುವ) ಲೇಪ ಬೆಳ್ಳಿಯಂತೆ ಅಥವಾ ಕಪ್ಪುಗಂದು ಬಣ್ಣದಲ್ಲಿ ಹೊಳೆಯುತ್ತಿರಬೇಕು. ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಗೆ ಹೊಕ್ಕಿದೆ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. 1 ಮತ್ತು 5ನೆಯ ಪಿನ್ನುಗಳ ನಡುವೆ ಹೀಟರಿನ ಸಂಪರ್ಕ ಸಿಗಬೇಕು. ತಲೆಯ ಮೇಲಿನ ಪ್ಲೇಟ್ ಕ್ಯಾಪ್ ಅಲುಗಾಡಬಾರದು; ಅಂಟು ಬಿಟ್ಟಿದ್ದರೆ ಅದನ್ನು ಎಳೆಯಲೇಬೇಡಿ, ಒಳಗಿನ ತಂತಿ ಗಾಜಿನ ಮಟ್ಟಕ್ಕೆ ತುಂಡಾದರೆ ವಾಲ್ವ್ ಹೋಯಿತು. ದಶಕಗಳ ಕಾಲ ಸುಮ್ಮನೆ ಕುಳಿತಿರುವ ವಾಲ್ವಿಗೆ ಒಮ್ಮೆಲೇ ಹೈ ವೋಲ್ಟೇಜ್ ಕೊಡಬೇಡಿ. ಒಂದು ದಿನವಾದರೂ ಹೀಟರ್ ಮಾತ್ರ ಉರಿಸಿ, ಒಳಗೆ ಅಳಿದುಳಿದ ಅನಿಲವನ್ನು ಗೆಟರ್ ಹೀರಿಕೊಳ್ಳಲು ಬಿಡಿರಿ. ಕೆಲಸ ಮಾಡುವಾಗ ಗಾಜಿನ ಮೇಲೆ ನೀಲಿ ಹೊಳಪು ಕಂಡರೆ ಹೆದರಬೇಕಿಲ್ಲ. ಎಲೆಕ್ಟ್ರೋಡುಗಳ ನಡುವಿನ ಜಾಗವೇ ನೇರಳೆ ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ತಕ್ಷಣ ಸ್ವಿಚ್ ಆರಿಸಿರಿ.

ಹುಡುಕುವಾಗ 807 ಎಂಬ ಅಂಕಿಯೇ ಮೇಲೆ ಇರಬೇಕೆಂದಿಲ್ಲ. ಯುದ್ಧಕಾಲದ ಬ್ರಿಟಿಷ್ ಸಾಮಾನಿನಲ್ಲಿ ಎಟಿಎಸ್25 ಅಥವಾ ಸಿವಿ124 ಎಂದೂ, ಅಮೆರಿಕದ ಸೈನ್ಯದ ಸಾಮಾನಿನಲ್ಲಿ ವಿಟಿ-100 ಎಂದೂ, ಫಿಲಿಪ್ಸ್ ಹೆಸರಿನಲ್ಲಿ ಕ್ಯುಇ06/50 ಎಂದೂ ಇದೇ ವಾಲ್ವ್ ಬರುತ್ತದೆ. 1625 ಎಂಬುದು ಇದರ ಒಡಹುಟ್ಟು. ಆದರೆ ಅದರ ಹೀಟರ್ 12.6 ವೋಲ್ಟಿನದು, ಬುಡದಲ್ಲಿ ಏಳು ಪಿನ್ನು. ಅಂಗಡಿಯವರು ಇದನ್ನು "ಅದೇ ಇದು" ಎಂದು ಕೊಟ್ಟರೆ ಸಾಕೆಟ್ ಹಾಗೂ ಹೀಟರ್ ವೈಂಡಿಂಗ್ ಎರಡನ್ನೂ ಬದಲಿಸಿಕೊಳ್ಳಬೇಕಾಗುತ್ತದೆ.

ಪ್ಲೇಟ್ ಸರ್ಕ್ಯೂಟಿನ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಲೋಡ್ ಆದಾಗ ಪ್ಲೇಟಿನಲ್ಲಿ 720 ವೋಲ್ಟ್ ಉಳಿದು 180 ಮಿಲಿಆಂಪಿಯರ್ ಹರಿದರೆ, ವಾಲ್ವ್‌ಗಳು ಬಯಸುವ ಲೋಡು ಸುಮಾರು 2,500 ಓಮ್. ಕ್ಯು (ಶ್ರುತಿಯ ತೀಕ್ಷ್ಣತೆ) 12 ಎಂದು ಹಿಡಿದರೆ 7.1 ಮೆಗಾಹರ್ಟ್ಸಿಗೆ ಪೈ ಜಾಲದ (ಆ ಲೋಡನ್ನು ಆಂಟೆನಾದ 50 ಓಮಿಗೆ ಹೊಂದಿಸುವ ಸರ್ಕ್ಯೂಟಿನ) ಟ್ಯೂನ್ ಕಂಡೆನ್ಸರ್ 110 ಪಿಕೋಫ್ಯಾರಡ್, ಕಾಯಿಲ್ 5.2 ಮೈಕ್ರೋಹೆನ್ರಿ, ಲೋಡ್ ಕಂಡೆನ್ಸರ್ 620 ಪಿಕೋಫ್ಯಾರಡ್ ಬರುತ್ತವೆ. ಕಾಯಿಲಿಗೆ ಒಂದೂವರೆ ಇಂಚು ವ್ಯಾಸದಲ್ಲಿ 16 ಗೇಜ್ ತಂತಿಯ 16 ಸುತ್ತು, ಒಟ್ಟು ಉದ್ದ ಎರಡು ಇಂಚು. ಈ ತಂತಿ ಮೋಟಾರ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲಿಯೂ ಸಿಗುತ್ತದೆ. ಲೋಡ್ ಕಂಡೆನ್ಸರಿಗೆ ಹಳೆಯ ವಾಲ್ವ್ ರೇಡಿಯೋದ ಎರಡು ಗ್ಯಾಂಗಿನ ಕಂಡೆನ್ಸರ್ ಹೇಳಿ ಮಾಡಿಸಿದಂತಿದೆ: ಎರಡೂ ಗ್ಯಾಂಗುಗಳನ್ನು ಸೇರಿಸಿದರೆ ಸಾವಿರದ ಹತ್ತಿರ ಬರುತ್ತದೆ, ಆ ತುದಿಯಲ್ಲಿ ಆರ್‌ಎಫ್ ಪೀಕ್ 100 ವೋಲ್ಟನ್ನು ದಾಟುವುದಿಲ್ಲ. ಟ್ಯೂನ್ ಕಡೆಯ ಕಂಡೆನ್ಸರಿಗೆ ಹೆಚ್ಚು ಅಂತರದ ಪ್ಲೇಟುಗಳು ಬೇಕು. ಅದನ್ನೇ ಮೊದಲು ಹುಡುಕಿರಿ, ಏಕೆಂದರೆ ಉಳಿದ ಎಲ್ಲಕ್ಕೂ ಬದಲಿ ಉಂಟು.

ಹಾವೇರಿ 40 ಮೀಟರ್:

ಮೇಲಿನವರ ಲೆಕ್ಕ ಸರಿಯಿದೆ. ಆದರೆ ಕೈಗೆ ಬಂದ 811ಎಗಳನ್ನು ಕಪಾಟಿನಲ್ಲಿ ಇಡಬೇಕೇ ಎಂಬುದು ನನ್ನ ಪ್ರಶ್ನೆ. ಬಿಟ್‌ಎಕ್ಸ್ ಹಿಂದೆ ಐಆರ್‌ಎಫ್510 ಮಾಸ್‌ಫೆಟ್‌ಗಳ ಒಂದು ಸಣ್ಣ ಮಧ್ಯದ ಹಂತ ಸೇರಿಸಿದರೆ 40 ವ್ಯಾಟ್ ಬರುತ್ತದೆ, ಅದು 811ಎಗಳನ್ನು ಚೆನ್ನಾಗಿಯೇ ನಡೆಸುತ್ತದೆ. ಹೈ ವೋಲ್ಟೇಜಿಗೆ ಗುಜರಿಗೆ ಬಂದ ಮೈಕ್ರೋವೇವ್ ಒಲೆಗಳ ಎರಡು ಟ್ರಾನ್ಸ್‌ಫಾರ್ಮರ್ ತಂದು, ಪ್ರೈಮರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ಪ್ರತಿಯೊಂದರಿಂದ 1,050 ವೋಲ್ಟಿನಷ್ಟು ಬರುತ್ತದೆ. ಅವುಗಳ ಸೆಕೆಂಡರಿಯ ಒಂದು ತುದಿ ಹೇಗೂ ಕೋರಿಗೆ ಬೆಸೆದಿರುವುದರಿಂದ ಎರಡೂ ಕೋರುಗಳನ್ನು ಭೂಮಿಗೆ ಹಾಕಿ, ಸೆಕೆಂಡರಿಗಳು ವಿರುದ್ಧ ಹಂತದಲ್ಲಿ ಇರುವಂತೆ ನೋಡಿಕೊಂಡರೆ ನಡುವಿನ ತಂತಿಯುಳ್ಳ ಟ್ರಾನ್ಸ್‌ಫಾರ್ಮರೇ ಸಿದ್ಧವಾದಂತೆ. ಎರಡು ಸಾಲು ಡಯೋಡು ಸಾಕು. ಸರಣಿಯಲ್ಲಿ ಅರ್ಧ ವೋಲ್ಟೇಜು ಸಿಗುವುದರಿಂದ ಆ ಟ್ರಾನ್ಸ್‌ಫಾರ್ಮರುಗಳ ಎಂದಿನ ಕಾವೂ ಗುಂಯ್‌ಗುಡುವಿಕೆಯೂ ಬಹಳ ಕಡಿಮೆಯಾಗುತ್ತವೆ. ಖರ್ಚಂತೂ ಗುಜರಿಯ ತೂಕದ ದರ.

ಇನ್ನೊಂದು ಮಾತು. ಇದನ್ನು ಓದುವ ನಿರ್ಬಂಧಿತ ದರ್ಜೆಯ ಗೆಳೆಯರು ತಮ್ಮ ಮಿತಿ 50 ವ್ಯಾಟ್ ಎಂಬುದನ್ನು ಮರೆಯಬಾರದು. ಅವರಿಗೆ ಒಂದೇ 807 ಸಾಕು.

ಬೆಟಗೇರಿ ವೈಂಡಿಂಗ್, ಗದಗ:

ಟ್ರಾನ್ಸ್‌ಫಾರ್ಮರ್ ಸುತ್ತುವುದೇ ನನ್ನ ಕಸುಬಾದ್ದರಿಂದ ಆ ಭಾಗಕ್ಕಷ್ಟೇ ಉತ್ತರಿಸುತ್ತೇನೆ. ಹಾವೇರಿಯವರು ಹೇಳಿದ ಜೋಡಣೆ ತಾಂತ್ರಿಕವಾಗಿ ಸರಿಯೇ. ಆದರೆ ಅದರಿಂದ ಲೋಡ್ ಇಲ್ಲದಾಗ 1,480 ವೋಲ್ಟ್ ಡಿಸಿ ಬರುತ್ತದೆ, ಅದು 807ಕ್ಕೆ ಬೇಕಾದದ್ದರ ಎರಡರಷ್ಟು. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಅರ್ಧ ಆಂಪಿಯರನ್ನು ಹಿಂದುಮುಂದು ನೋಡದೆ ಕೊಡುತ್ತದೆ. ಮುಟ್ಟಿದವರಿಗೆ ಎರಡನೆಯ ಅವಕಾಶವಿಲ್ಲ. ಮೊದಲ ಸಲ ಹೈ ವೋಲ್ಟೇಜಿಗೆ ಕೈಹಾಕುವವರಿಗೆ ನಾನು ಅದನ್ನು ಹೇಳಲಾರೆ. ಹಾಗೆಯೇ ಗುಜರಿ ಒಲೆ ಬಿಚ್ಚುವವರು ಮ್ಯಾಗ್ನೆಟ್ರಾನನ್ನು (ಮೈಕ್ರೋವೇವ್ ಹುಟ್ಟಿಸುವ ಭಾಗವನ್ನು) ಒಡೆಯಬಾರದು. ಕೆಲವು ಮ್ಯಾಗ್ನೆಟ್ರಾನುಗಳ ಸಿರಾಮಿಕ್ ಭಾಗದಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಪುಪ್ಪುಸಕ್ಕೆ ವಿಷ.

807ರ ಜೋಡಿಗೆ ಹಳೆಯ ಕಾಲದ ಉಳಿತಾಯದ ಜೋಡಣೆಯೊಂದಿದೆ. 275-0-275 ವೋಲ್ಟಿನ ಸೆಕೆಂಡರಿ ಸುತ್ತಿಸಿ, ಎರಡು ತುದಿಗಳಿಗೆ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿದರೆ ಲೋಡ್ ಇಲ್ಲದಾಗ 778 ವೋಲ್ಟ್ ಬರುತ್ತದೆ. ಅದೇ ವೈಂಡಿಂಗಿನ ನಡುವಿನ ತಂತಿಯಲ್ಲಿ ಅದರ ಅರ್ಧ, ಅಂದರೆ 385ರ ಸುಮಾರು ಸಿಗುತ್ತದೆ. ಇದರಿಂದ ಸ್ಕ್ರೀನಿನ 300 ವೋಲ್ಟನ್ನು ಎರಡು 0ಎ2 ವಾಲ್ವ್ (ವೋಲ್ಟೇಜನ್ನು 150ಕ್ಕೆ ಸ್ಥಿರವಾಗಿಡುವ ವಾಲ್ವ್) ಸರಣಿಯಲ್ಲಿ ಇಟ್ಟೋ, ಝೀನರ್ ಸರಪಳಿ ಹಾಕಿಯೋ ಸ್ಥಿರಗೊಳಿಸಬಹುದು. ಎರಡೂ ಒಂದೇ ವೈಂಡಿಂಗಿನಿಂದ ಬರುವುದರಿಂದ ಪ್ಲೇಟಿಗೆ ವಿದ್ಯುತ್ ಇಲ್ಲದೆ ಸ್ಕ್ರೀನಿಗೆ ಮಾತ್ರ ಹೋಗುವ ಅಪಾಯವೂ ಕಡಿಮೆ. ಹಾಗೆ ಹೋದರೆ ಸ್ಕ್ರೀನ್ ಗ್ರಿಡ್ಡು ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾದು ವಾಲ್ವ್ ಹಾಳಾಗುತ್ತದೆ.

ವಾಲ್ವ್ ರೇಡಿಯೋದ ಟ್ರಾನ್ಸ್‌ಫಾರ್ಮರಿನ ಮೇಲೂ ಇದೇ ಅಂಕಿ ಇರುತ್ತದೆಂದು ಅದನ್ನೇ ತಂದು ಹಾಕುವವರಿದ್ದಾರೆ. ಅದು ನೂರಿನ ಸುಮಾರು ಮಿಲಿಆಂಪಿಯರಿನದು, ಬ್ರಿಡ್ಜ್ ಹಾಕಿದರೆ ಅದೂ ಅರ್ಧಕ್ಕೆ ಇಳಿಯುತ್ತದೆ, ಈ ಕೆಲಸಕ್ಕೆ ಸಾಲದು. ಹೊಸದಾಗಿ ಸುತ್ತಿಸುವುದಾದರೆ 250 ವಿಎ ಎಂದು ಹೇಳಿರಿ. ಕೋರಿನ ಅಡ್ಡಕೊಯ್ತ 18 ಚದರ ಸೆಂಟಿಮೀಟರ್ ಇದ್ದರೆ ಸಾಮಾನ್ಯ ಸ್ಟ್ಯಾಂಪಿಂಗಿಗೆ ವೋಲ್ಟಿಗೆ ಎರಡೂವರೆ ಸುತ್ತು ಸಾಕು. ಪ್ರೈಮರಿ 575 ಸುತ್ತು, 22 ಗೇಜ್. ಸೆಕೆಂಡರಿ 1,375 ಸುತ್ತು, ಅದಕ್ಕೆ ನೂರಕ್ಕೆ ಐದು ಹೆಚ್ಚುವರಿ ಸೇರಿಸಿ, 26 ಗೇಜ್. ಹೀಟರಿಗೆ 18 ಗೇಜ್. ಬಯಾಸ್‌ಗೆ 45 ವೋಲ್ಟಿನ ಒಂದು ಸಣ್ಣ ವೈಂಡಿಂಗನ್ನೂ ಇದರಲ್ಲಿಯೇ ಸೇರಿಸಿಕೊಳ್ಳಿರಿ. ಆಮೇಲೆ ಬೇರೆ ಟ್ರಾನ್ಸ್‌ಫಾರ್ಮರ್ ಹುಡುಕುವುದು ತಪ್ಪುತ್ತದೆ. ಪ್ರೈಮರಿಯಲ್ಲಿ 210, 230, 250ಕ್ಕೆ ಟ್ಯಾಪ್ ತೆಗೆಸುವುದನ್ನು ಮರೆಯಬೇಡಿರಿ, ಏಕೆಂದರೆ ನಮ್ಮ ಭಾಗದಲ್ಲಿ ರಾತ್ರಿ ಹತ್ತರ ನಂತರ ಮೇನ್ಸ್ ಏರಿದಾಗ ಹೀಟರಿಗೆ 6.3ರ ಬದಲು 6.9 ಹೋಗುತ್ತದೆ, ವಾಲ್ವಿನ ಆಯುಷ್ಯ ಸದ್ದಿಲ್ಲದೆ ಸವೆಯುತ್ತದೆ.

ಸ್ಟೆಬಿಲೈಜರ್ ಸುತ್ತುವವರು ಈ ಕೆಲಸವನ್ನು ಒಪ್ಪಿಕೊಳ್ಳುತ್ತಾರೆ, ಆದರೆ ಅವರಿಗೆ 230ಕ್ಕಿಂತ ಮೇಲಿನ ವೋಲ್ಟೇಜಿನ ರೂಢಿ ಇರುವುದಿಲ್ಲ. ಪ್ರತಿ ಪದರಕ್ಕೂ ಇನ್ಸುಲೇಶನ್ ಕಾಗದ ಹಾಕಬೇಕು, ಪ್ರೈಮರಿ-ಸೆಕೆಂಡರಿಗಳ ನಡುವೆ ಮೂರು ಪದರ ಪಾಲಿಯೆಸ್ಟರ್ ಹಾಳೆ ಬೇಕು, ಮುಗಿದ ಮೇಲೆ ವಾರ್ನಿಷಿನಲ್ಲಿ ಅದ್ದಿ ಒಲೆಯಲ್ಲಿ ಒಣಗಿಸಬೇಕು ಎಂದು ಎದುರು ನಿಂತು ಹೇಳಿ ಮಾಡಿಸಿರಿ. ಧಾರವಾಡದ ಆಷಾಢದ ತೇವಕ್ಕೆ ವಾರ್ನಿಷ್ ಇಲ್ಲದ ಸೆಕೆಂಡರಿ ತಡೆಯುವುದಿಲ್ಲ.

ಫಿಲ್ಟರಿಗೆ 220 ಮೈಕ್ರೋಫ್ಯಾರಡ್, 450 ವೋಲ್ಟಿನ ಮೂರು ಕಂಡೆನ್ಸರುಗಳನ್ನು ಸರಣಿಯಲ್ಲಿ ಇಡಿರಿ. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಿಂದ ಗುಜರಿಗೆ ಬರುವ ಮೋಟಾರ್ ಡ್ರೈವ್‌ಗಳಲ್ಲಿ, ನಮ್ಮ ಗದಗಿನ ಮುದ್ರಣ ಯಂತ್ರಗಳ ಹಳೆಯ ಪ್ಯಾನೆಲ್ಲುಗಳಲ್ಲಿ ಇಂಥವು ಇರುತ್ತವೆ; ತಲೆ ಉಬ್ಬಿದ್ದನ್ನು ಮುಟ್ಟಬೇಡಿ. ಪ್ರತಿ ಕಂಡೆನ್ಸರಿನ ಮೇಲೆ 100 ಕಿಲೋಓಮ್, 2 ವ್ಯಾಟಿನ ರೆಸಿಸ್ಟರ್ ಇರಲೇಬೇಕು. ವೋಲ್ಟೇಜನ್ನು ಸಮನಾಗಿ ಹಂಚುವುದೂ, ಸ್ವಿಚ್ ಆರಿಸಿದ ಮೇಲೆ ಖಾಲಿ ಮಾಡುವುದೂ ಅದೇ. ಹೀಗಿದ್ದರೂ 778 ವೋಲ್ಟು 30ಕ್ಕೆ ಇಳಿಯಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಆ ನಿಮಿಷ ಕಾಯಿರಿ; ಕಾದ ಮೇಲೂ ಉದ್ದನೆಯ ಇನ್ಸುಲೇಟೆಡ್ ಕೋಲಿನ ತುದಿಗೆ ಭೂಮಿಯ ತಂತಿ ಕಟ್ಟಿಕೊಂಡು, ಪ್ಲೇಟ್ ಕ್ಯಾಪಿಗೆ ಮುಟ್ಟಿಸಿ, ಕೆಲಸ ಮುಗಿಯುವವರೆಗೆ ಅಲ್ಲಿಯೇ ಸಿಕ್ಕಿಸಿ ಇಡಿರಿ. ಬ್ರಿಡ್ಜಿನ ಒಂದೊಂದು ಕೈಗೆ 1ಎನ್5408 ಡಯೋಡು ಎರಡು ಸರಣಿಯಲ್ಲಿ ಸಾಕು, ಒಂದೇ ತಯಾರಿಕೆಯವು ಇರಲಿ.

ಸಪ್ತಾಪುರದ ಶ್ರೋತೃ, ಧಾರವಾಡ:

ಎಲ್ಲರಿಗೂ ಕೃತಜ್ಞತೆಗಳು. 807 ಜೋಡಿಯನ್ನೇ ನಿಶ್ಚಯಿಸಿದೆ. ಎರಡರ ಗೆಟರೂ ಬೆಳ್ಳಿಯಂತಿದೆ, ಒಂದರ ಮೇಲೆ ಎಟಿಎಸ್25 ಎಂದೇ ಮುದ್ರೆಯಿದೆ. ಟ್ರಾನ್ಸ್‌ಫಾರ್ಮರನ್ನು ಬೆಟಗೇರಿಯವರ ಲೆಕ್ಕದಂತೆ ಸುತ್ತಿಸಲು ಕೊಟ್ಟಿದ್ದೇನೆ. ದುರ್ಗದ ಬೈಲಿನ ಸುತ್ತಮುತ್ತ ಡಯೋಡು, ರೆಸಿಸ್ಟರು, ರಿಲೇ, ಫೆರೈಟ್ ಟೊರಾಯ್ಡು ಸಿಕ್ಕವು. ಹೆಚ್ಚು ಅಂತರದ ಟ್ಯೂನ್ ಕಂಡೆನ್ಸರ್ ಮಾತ್ರ ಎಲ್ಲಿಯೂ ಇಲ್ಲ. ಹಳೆಯ ರೇಡಿಯೋದ ಗ್ಯಾಂಗುಗಳು ಬೇಕಾದಷ್ಟಿವೆ. ಮೀಟರಿಗಾಗಿ ಸ್ಟೆಬಿಲೈಜರಿನಿಂದ ಬಿಚ್ಚಿದ ವೋಲ್ಟ್‌ಮೀಟರುಗಳನ್ನು ಬಳಸಬಹುದೇ? ಹಾಗೂ ಪ್ಲೇಟ್ ಬ್ಲಾಕಿಂಗ್ ಕಂಡೆನ್ಸರಿಗೆ (ಡಿಸಿ ತಡೆದು ಆರ್‌ಎಫ್ ಮಾತ್ರ ಬಿಡುವುದಕ್ಕೆ) ಏನು ಮಾಡಲಿ?

ಗೋಕುಲ ರಸ್ತೆಯವರು, ಹುಬ್ಬಳ್ಳಿ:

ಟ್ಯೂನ್ ಕಂಡೆನ್ಸರನ್ನು ರೇಡಿಯೋ ಗ್ಯಾಂಗಿನಿಂದಲೇ ಮಾಡಿಕೊಳ್ಳಬಹುದು. ತಿರುಗುವ ಭಾಗದಲ್ಲಿ ಒಂದು ಬಿಟ್ಟು ಒಂದರಂತೆ ಪ್ಲೇಟುಗಳನ್ನು, ಸ್ಥಿರ ಭಾಗದಲ್ಲಿಯೂ ಅದೇ ಕ್ರಮದಲ್ಲಿ, ಚೂಪುಮೂತಿಯ ಇಕ್ಕಳದಿಂದ ಮೆಲ್ಲನೆ ಅಲ್ಲಾಡಿಸಿ ತೆಗೆದು, ಉಳಿದ ತಿರುಗುವ ಪ್ಲೇಟುಗಳು ಸ್ಥಿರ ಪ್ಲೇಟುಗಳ ನಟ್ಟನಡುವೆ ಬರುವಂತೆ ಸರಿಸಿದರೆ ಉಳಿದ ಪ್ಲೇಟುಗಳ ನಡುವಿನ ಅಂತರ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಕಂಡೆನ್ಸರಿನ ಧಾರಕತೆ ಕಾಲುಭಾಗಕ್ಕೆ ಇಳಿಯುತ್ತದೆ, ಅಂದರೆ 500 ಪಿಕೋಫ್ಯಾರಡಿನ ಒಂದು ಗ್ಯಾಂಗು 125 ಆಗುತ್ತದೆ. ಎರಡನ್ನೂ ಸೇರಿಸಿದರೆ 250. ತಮಗೆ ಬೇಕಾದದ್ದು 110, ಅದರಲ್ಲಿ ಎರಡು ವಾಲ್ವ್‌ಗಳ ಸ್ವಂತ 14 ಪಿಕೋಫ್ಯಾರಡ್ ಹೇಗೂ ಇದೆ. ಬಾಗಿದ ಪ್ಲೇಟುಗಳನ್ನು ನೇರಮಾಡಿ, ಗಟ್ಟಿಯಾದ ಕಾಗದವನ್ನು ನಡುವೆ ಆಡಿಸಿ ಧೂಳು ತೆಗೆಯಿರಿ. ನಮ್ಮೂರಿನ ಧೂಳು ಒಂದು ಕಣವಿದ್ದರೂ ಹೈ ವೋಲ್ಟೇಜಿಗೆ ಕಿಡಿ ಹಾರಲು ದಾರಿಯಾಗುತ್ತದೆ.

ಸ್ಟೆಬಿಲೈಜರಿನ ಮೀಟರುಗಳು ಹೆಚ್ಚಾಗಿ ಮೂವಿಂಗ್ ಐರನ್ ಜಾತಿಯವು. ಎಸಿಗೆ ಮಾಡಿದವು, ಸ್ಕೇಲಿನ ಆರಂಭ ಒತ್ತೊತ್ತಾಗಿರುತ್ತದೆ, ಕರೆಂಟನ್ನೂ ಬಹಳ ಎಳೆಯುತ್ತವೆ. 1 ಮಿಲಿಆಂಪಿಯರಿನ ಮೂವಿಂಗ್ ಕಾಯಿಲ್ ಮೀಟರನ್ನೇ ಕೊಳ್ಳಿರಿ. ಅದರ ಮುಂದೆ 100 ಕಿಲೋಓಮಿನ ಹತ್ತು ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿದರೆ ಪೂರ್ಣ ಸ್ಕೇಲಿಗೆ 1,000 ವೋಲ್ಟ್. 1 ಮೆಗಾಓಮಿನ ಒಂದೇ ರೆಸಿಸ್ಟರ್ ಹಾಕಿದರೂ ಲೆಕ್ಕ ಅದೇ ಬರುತ್ತದೆ, ಆದರೆ ಸಣ್ಣ ರೆಸಿಸ್ಟರಿನ ಮೈ ಅಷ್ಟು ವೋಲ್ಟೇಜನ್ನು ತಡೆಯುವುದಿಲ್ಲ. ಕರೆಂಟು ಅಳೆಯುವ ಮೀಟರನ್ನು ಪ್ಲೇಟಿನ ದಾರಿಯಲ್ಲಿ ಇಡದೆ ಕ್ಯಾಥೋಡಿನ ದಾರಿಯಲ್ಲಿ ಇಡಿರಿ. ಮುಂಭಾಗದ ಫಲಕಕ್ಕೆ 778 ವೋಲ್ಟು ಬರಬಾರದು. ಆಗ ಅದು ಸ್ಕ್ರೀನ್ ಕರೆಂಟನ್ನೂ ಸೇರಿಸಿ ತೋರಿಸುತ್ತದೆ ಎಂಬುದು ನೆನಪಿನಲ್ಲಿರಲಿ.

ಬ್ಲಾಕಿಂಗಿಗೆ ಬೆಂಗಳೂರಿನಿಂದ ಡೋರ್‌ನಾಬ್ ಕಂಡೆನ್ಸರ್ ತರಿಸಿದರೆ ಉತ್ತಮ. ಸಿಗದಿದ್ದರೆ ಹಳೆಯ ಪಿಕ್ಚರ್ ಟ್ಯೂಬಿನ ಟಿವಿ, ಮಾನಿಟರುಗಳ ಬೋರ್ಡಿನಲ್ಲಿರುವ 2 ಅಥವಾ 3 ಕಿಲೋವೋಲ್ಟಿನ ಡಿಸ್ಕ್ ಸಿರಾಮಿಕ್‌ಗಳನ್ನು ಮೂರು ನಾಲ್ಕು ಸಮಾಂತರವಾಗಿ ಹಾಕಿ ಒಟ್ಟು 1,000 ಪಿಕೋಫ್ಯಾರಡಿನಿಂದ ಮೇಲೆ ಮಾಡಿಕೊಳ್ಳಿರಿ. ಒಂದೇ ಇದ್ದರೆ ಆರ್‌ಎಫ್ ಕರೆಂಟಿಗೆ ಕಾದು ಒಡೆಯುತ್ತದೆ. ಆ ಕಂಡೆನ್ಸರ್ ಶಾರ್ಟ್ ಆದ ದಿನ ಆಂಟೆನಾ ತಂತಿಗೆ 778 ವೋಲ್ಟ್ ಏರುತ್ತದೆ. ಆದ್ದರಿಂದ ಔಟ್‌ಪುಟ್ ಸಾಕೆಟಿನಿಂದ ಭೂಮಿಗೆ 2.5 ಮಿಲಿಹೆನ್ರಿಯ ಒಂದು ಆರ್‌ಎಫ್ ಚೋಕು ಇರಲೇಬೇಕು. ಡಿಸಿ ಅದರ ಮೂಲಕ ಹರಿದು ಫ್ಯೂಸ್ ಹೋಗುತ್ತದೆ, ತಂತಿ ಮುಟ್ಟಿದವರು ಉಳಿಯುತ್ತಾರೆ. ಪ್ಲೇಟಿನ ಆರ್‌ಎಫ್ ಚೋಕಿಗೆ 40 ಮೀಟರಿಗಷ್ಟೇ ಆದರೆ 200 ಮೈಕ್ರೋಹೆನ್ರಿ ಸಾಕು.

807 ಹಳೆಯ ಕಾಲದಿಂದಲೂ ವಿಎಚ್‌ಎಫ್‌ನಲ್ಲಿ (ನಮ್ಮ ಬ್ಯಾಂಡಿಗಿಂತ ಬಹಳ ಮೇಲಿನ ಆವರ್ತನದಲ್ಲಿ) ತಾನೇ ಆಂದೋಲನ ಹೂಡುವ ಚಟವುಳ್ಳ ವಾಲ್ವು. ಪ್ರತಿ ಪ್ಲೇಟ್ ಕ್ಯಾಪಿಗೂ 47 ಓಮ್, 2 ವ್ಯಾಟಿನ ಕಾರ್ಬನ್ ರೆಸಿಸ್ಟರಿನ ಮೈಮೇಲೆ 18 ಗೇಜ್ ತಂತಿಯ ನಾಲ್ಕು ಸುತ್ತು ಸುತ್ತಿದ ಸಪ್ರೆಸರ್ ಹಾಕಿರಿ. ಪ್ರತಿ ಗ್ರಿಡ್ ಪಿನ್ನಿಗೆ ತಾಗಿಯೇ 22 ಓಮಿನ ರೆಸಿಸ್ಟರ್ ಇರಲಿ. ಸ್ಕ್ರೀನ್ ಬೈಪಾಸ್ ಕಂಡೆನ್ಸರುಗಳ ಕಾಲುಗಳನ್ನು ಆದಷ್ಟು ಮೋಟಾಗಿ ಕತ್ತರಿಸಿ ಸಾಕೆಟಿನ ಬುಡದಲ್ಲಿಯೇ ಬೆಸುಗೆ ಹಾಕಿರಿ. ಶಾಸಿಗೆ ಅಲ್ಯೂಮಿನಿಯಂ ತಗಡೇ ಇರಲಿ. ಸ್ಟೆಬಿಲೈಜರಿನ ಕಬ್ಬಿಣದ ಪೆಟ್ಟಿಗೆ ಪವರ್ ಸಪ್ಲೈಗೆ ಸರಿ, ಆರ್‌ಎಫ್ ಭಾಗಕ್ಕೆ ಬೇಡ.

ಮೊದಲ ಸಲ ಸಪ್ಲೈ ಕೊಡುವಾಗ ಮೇನ್ಸಿನ ಸರಣಿಯಲ್ಲಿ 100 ವ್ಯಾಟಿನ ಸಾದಾ ಬಲ್ಬೊಂದನ್ನು ಹಾಕಿರಿ, ಎಲ್ಲಿಯಾದರೂ ಶಾರ್ಟ್ ಇದ್ದರೆ ಬಲ್ಬು ಉರಿದು ಉಳಿದದ್ದು ಬದುಕುತ್ತದೆ. ಬಯಾಸನ್ನು ಮೊದಲು ಪೂರ್ತಿ ಮೈನಸ್ ಕಡೆ ಇಟ್ಟು, ಹೈ ವೋಲ್ಟೇಜ್ ಬಂದ ಮೇಲೆ ಎರಡೂ ವಾಲ್ವ್‌ಗಳಿಗೆ ಸೇರಿ 40 ಮಿಲಿಆಂಪಿಯರ್ ವಿಶ್ರಾಂತಿ ಕರೆಂಟು ಬರುವವರೆಗೆ ನಿಧಾನವಾಗಿ ತನ್ನಿರಿ. ನಂತರ ಡ್ರೈವ್ ಕೊಡದೆಯೇ ಎರಡೂ ಕಂಡೆನ್ಸರುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿರಿ: ಕರೆಂಟು ಕದಲದಿದ್ದರೆ ವಾಲ್ವ್ ಶಾಂತವಾಗಿದೆ, ಎಲ್ಲಿಯಾದರೂ ಜಿಗಿದರೆ ಸಪ್ರೆಸರಿಗೆ ಇನ್ನೊಂದು ಸುತ್ತು ಸೇರಿಸಬೇಕು. ಇಷ್ಟಾದ ಮೇಲೆ ಡಮ್ಮಿ ಲೋಡ್ ಹಾಕಿ, 1 ವ್ಯಾಟ್ ಡ್ರೈವ್‌ನಿಂದ ಆರಂಭಿಸಿ, ಆಂಟೆನಾವನ್ನು ಕೊನೆಗೆ ಜೋಡಿಸಿರಿ.

ಧಾರವಾಡದಲ್ಲಿಯೇ ಇದ್ದೀರಿ; 1950ರಲ್ಲಿ ಆರಂಭವಾದ ನಮ್ಮ ಆಕಾಶವಾಣಿಯಲ್ಲಿ ವಾಲ್ವ್ ಟ್ರಾನ್ಸ್‌ಮಿಟರುಗಳ ಮುಂದೆ ದುಡಿದು ನಿವೃತ್ತರಾದ ಹಿರಿಯರು ಯಾರಾದರೂ ಪರಿಚಯವಿದ್ದರೆ, ಮೊದಲ ಸಲ ಹೈ ವೋಲ್ಟೇಜ್ ಹಾಕುವ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಸಾಕೆಟಿನ ವಿಷಯ ತಾವು ಮತ್ತೆ ಎತ್ತಲಿಲ್ಲ. 807ಕ್ಕೆ ಬೇಕಾದ ಐದು ಪಿನ್ನಿನ ಸಿರಾಮಿಕ್ ಸಾಕೆಟುಗಳು ನನ್ನಲ್ಲಿ ಒಂದು ಜೊತೆ ಇವೆ. ಒಂದರ ಸಂಪರ್ಕಗಳು ಕೊಂಚ ಸಡಿಲವಾಗಿವೆ, ಸೂಜಿಯಿಂದ ಬಿಗಿಮಾಡಿದರೆ ಸರಿಹೋಗುತ್ತದೆ. ಹುಬ್ಬಳ್ಳಿಗೆ ಬಂದಾಗ ತೆಗೆದುಕೊಂಡು ಹೋಗಿರಿ.